ಹಳೆಯ ಹಾಲಿವುಡ್ ಸಿನಿಮಾಗಳ ಬ್ಯಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

1930ರಿಂದ 1960ರ ಆಸುಪಾಸಿನವರೆಗೆ ಬಂದ ಹಾಲಿವುಡ್ ಮ್ಯೂಸಿಕಲ್‌ಗಳನ್ನು ಈಗ ಮೊದಲ ಸಲ ನೋಡುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಹೀರೋ, ಹೀರೋಯಿನ್, ಜಗಳ, ಹಾಡು ಎಲ್ಲ ಸರಿಯಾಗಿ ನಡೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಮಾತು ನಿಂತು ಹದಿನೈದು ನಿಮಿಷ ಬರೀ ಕುಣಿತ. ಇದೇನಪ್ಪಾ ಅನ್ನಿಸುವುದು ಸಹಜ. ಅಲ್ಲಿಂದಲೇ ಶುರು ಮಾಡೋಣ.

ಕಥೆಯ ನಡುವೆ ಇಷ್ಟುದ್ದದ ಬ್ಯಾಲೆ ಯಾಕೆ ಬರುತ್ತದೆ?

ಹೆಚ್ಚಿನ ಸಲ ಅದು ಪಾತ್ರದ ತಲೆಯೊಳಗೆ ನಡೆಯುವ ಸಂಗತಿ. ಬಾಯಿಬಿಟ್ಟು ಹೇಳಲಾಗದ್ದನ್ನು, ಕೆಲವೊಮ್ಮೆ ತನಗೇ ಗೊತ್ತಿಲ್ಲದ್ದನ್ನು ಪಾತ್ರ ಕನಸಿನಲ್ಲಿ ಕಾಣುತ್ತದೆ. ಆ ಕನಸನ್ನು ಕುಣಿದು ತೋರಿಸುತ್ತಾರೆ. ಇದನ್ನು ಡ್ರೀಮ್ ಬ್ಯಾಲೆ ಅನ್ನುತ್ತಾರೆ.

ಇಂಥ ಪ್ರಯತ್ನಗಳು ಮುಂಚೆಯೂ ಇದ್ದವು. ಆದರೆ ಎಲ್ಲರೂ ಇದರ ಹಿಂದೆ ಬಿದ್ದದ್ದು 1943ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂಚಕ್ಕೆ 'ಒಕ್ಲಹೋಮ!' ಎಂಬ ಸಂಗೀತ ನಾಟಕ ಬಂದ ಮೇಲೆ. ಅದರ ನೃತ್ಯ ಸಂಯೋಜಕಿ ಅಗ್ನೆಸ್ ಡಿ ಮಿಲ್. ದೊಡ್ಡ ದೊಡ್ಡ ಸೆಟ್‌ಗಳಿಗೆ ಹೆಸರಾದ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಅವರ ಅಣ್ಣನ ಮಗಳು. ಕಥೆಯಲ್ಲಿ ಲಾರಿ ಎಂಬ ಹಳ್ಳಿ ಹುಡುಗಿಗೆ ಕರ್ಲಿ ಎಂಬ ಕೌಬಾಯ್ ಮೇಲೆ ಮನಸ್ಸು. ಆದರೆ ಅವನ ಮೇಲಿನ ಹಟಕ್ಕೆ, ತೋಟದ ಆಳು ಜಡ್ ಜೊತೆ ಪಾರ್ಟಿಗೆ ಬರುತ್ತೇನೆ ಅಂದುಬಿಟ್ಟಿರುತ್ತಾಳೆ. ಆಮೇಲೆ ಅವಳಿಗೊಂದು ಕನಸು ಬೀಳುತ್ತದೆ. ಕರ್ಲಿ ಜೊತೆ ಮದುವೆ. ಮುಸುಕು ಸರಿಸಿ ನೋಡಿದರೆ ಎದುರಿಗೆ ನಿಂತಿರುವವನು ಜಡ್. ಅವನು ತನ್ನ ಕೋಣೆಯಲ್ಲಿ ಅಂಟಿಸಿಕೊಂಡ ಚಿತ್ರಗಳ ಹೆಂಗಸರು ಜೀವ ಪಡೆದು ಕುಣಿಯುತ್ತಾರೆ. ಜಡ್ ಕೈಯಲ್ಲಿ ಕರ್ಲಿ ಸಾಯುತ್ತಾನೆ. ಎಚ್ಚರವಾದಾಗ ಪಾರ್ಟಿಗೆ ಕರೆದೊಯ್ಯಲು ಬಂದ ಜಡ್ ನಿಜವಾಗಿಯೂ ಮುಂದೆ ನಿಂತಿರುತ್ತಾನೆ.

ಲಾರಿಗೆ ಜಡ್ ಕಂಡರೆ ಎಷ್ಟು ಭಯ, ಆ ಭಯದೊಳಗೆ ಇನ್ನೂ ಏನೇನಿದೆ ಅನ್ನುವುದು ಮಾತಿನಲ್ಲಿ ಎಲ್ಲೂ ಬರುವುದಿಲ್ಲ. ಈ ಬ್ಯಾಲೆ ತೆಗೆದುಹಾಕಿದರೆ ಕಥೆಯ ಅರ್ಧ ವಿಷಯ ಹೋಗುತ್ತದೆ. ಒಳ್ಳೆಯ ಡ್ರೀಮ್ ಬ್ಯಾಲೆಗೆ ಇದೇ ಪರೀಕ್ಷೆ ಅಂತ ನನ್ನ ಲೆಕ್ಕ. ತೆಗೆದರೂ ಏನೂ ಕಮ್ಮಿ ಆಗುವುದಿಲ್ಲ ಅಂದರೆ ಅದು ಸುಮ್ನೆ ಅಲಂಕಾರ. ಹಾಲಿವುಡ್‌ನಲ್ಲಿ ಅಂಥವೂ ಬೇಕಾದಷ್ಟಿವೆ.

ಹಾಗಾದರೆ ಸಿನಿಮಾಕ್ಕೆ ಬ್ಯಾಲೆ ಬಂದಿದ್ದು 1943ರ ನಂತರವಾ?

ಇಲ್ಲ, ಅದಕ್ಕಿಂತ ಎಷ್ಟೋ ಮುಂಚೆ. ರಷ್ಯಾದ ಕ್ರಾಂತಿ, ಆಮೇಲೆ ಡಯಾಗಿಲೆವ್ ಎಂಬವರು ಕಟ್ಟಿದ ರಷ್ಯನ್ ಬ್ಯಾಲೆ ತಂಡ 'ಬ್ಯಾಲೆ ರೂಸ್' ಒಡೆದದ್ದು, ಇದರಿಂದ ದೊಡ್ಡ ದೊಡ್ಡ ಕಲಾವಿದರು ಊರೂರು ಅಲೆಯುವ ಹಾಗಾಯಿತು. ಕೆಲವರು ಕ್ಯಾಲಿಫೋರ್ನಿಯಾಕ್ಕೂ ಬಂದರು. ಆ ತಂಡದಲ್ಲಿದ್ದ ಅಡಾಲ್ಫ್ ಬೋಲ್ಮ್ 1931ರ 'ದಿ ಮ್ಯಾಡ್ ಜೀನಿಯಸ್'ಗೆ ನೃತ್ಯ ಮಾಡಿಸಿದರು. ವಿಯೆನ್ನಾದಿಂದ ಬಂದ ಅಲ್ಬರ್ಟಿನಾ ರಾಷ್ ಎಂಜಿಎಂ ಸ್ಟುಡಿಯೋದಲ್ಲಿ ಸಾಲು ಸಾಲು ಚಿತ್ರಗಳಿಗೆ ಕೆಲಸ ಮಾಡಿದರು. ಸಂಗೀತ ನಿರ್ದೇಶಕ ದಿಮಿತ್ರಿ ಟಿಯೋಮ್ಕಿನ್ ಅವರ ಹೆಂಡತಿ ಈಕೆ. 1935ರಲ್ಲಿ ವಾರ್ನರ್ ಬ್ರದರ್ಸ್ ಶೇಕ್ಸ್‌ಪಿಯರ್‌ನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ತೆಗೆದಾಗ ಯಕ್ಷಿಣಿಯರ ಕುಣಿತಕ್ಕೆ ಕರೆಸಿದ್ದು ಹೆಸರಾಂತ ಬ್ಯಾಲೆ ನರ್ತಕ ನಿಜಿನ್ಸ್ಕಿಯ ತಂಗಿ ಬ್ರೋನಿಸ್ಲಾವಾ ನಿಜಿನ್ಸ್ಕಾರನ್ನು.

ರಷ್ಯನ್ ಹೆಸರಿಗೆ ಆಗ ಎಷ್ಟು ಬೆಲೆ ಅಂದರೆ, ರಷ್ಯದವರಲ್ಲದವರೂ ಅದನ್ನು ಇಟ್ಟುಕೊಳ್ಳುತ್ತಿದ್ದರು. ತಾರೆ ವೆರಾ ಜೊರಿನಾ ನಿಜಕ್ಕೂ ಬರ್ಲಿನ್‌ನಲ್ಲಿ ಹುಟ್ಟಿದ ಎವಾ ಬ್ರಿಗಿಟ್ಟಾ ಹಾರ್ಟ್‌ವಿಗ್. 1937ರ 'ಶಲ್ ವಿ ಡ್ಯಾನ್ಸ್' ಈ ಖಯಾಲಿಯನ್ನೇ ಗೇಲಿ ಮಾಡಿತು. ಅದರಲ್ಲಿ ಫ್ರೆಡ್ ಆಸ್ಟೇರ್ 'ಪೆಟ್ರೋವ್' ಎಂಬ ಮಹಾನ್ ಬ್ಯಾಲೆ ನರ್ತಕ. ಒಳಗೆ ನೋಡಿದರೆ ಫಿಲಡೆಲ್ಫಿಯಾದ ಪೀಟರ್ಸ್!

ಬಾಲಂಚಿನ್ ಕೂಡ ಹಾಲಿವುಡ್‌ನಲ್ಲಿ ಕೆಲಸ ಮಾಡಿದ್ದರಾ?

ಮಾಡಿದ್ದರು. ಜಾರ್ಜ್ ಬಾಲಂಚಿನ್ ಮುಂದೆ ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡ ಕಟ್ಟಿದ ನೃತ್ಯ ಸಂಯೋಜಕರು. ಅದಕ್ಕೂ ಹತ್ತು ವರ್ಷ ಮುಂಚೆ, 1938ರ 'ದಿ ಗೋಲ್ಡ್‌ವಿನ್ ಫಾಲೀಸ್'ಗೆ ತಮ್ಮ ನರ್ತಕರನ್ನು ಕರೆದುಕೊಂಡು ಪಶ್ಚಿಮ ಕರಾವಳಿಗೆ ಹೋದರು. ಸಂಗೀತ ಜಾರ್ಜ್ ಗರ್ಷ್‌ವಿನ್ ಅವರದ್ದಾಗಬೇಕಿತ್ತು. 1937ರ ಜುಲೈನಲ್ಲಿ ಗರ್ಷ್‌ವಿನ್ ತೀರಿಕೊಂಡರು, 38ನೇ ವಯಸ್ಸಿನಲ್ಲಿ. ಉಳಿದದ್ದನ್ನು ವೆರ್ನಾನ್ ಡ್ಯೂಕ್ ಮುಗಿಸಿಕೊಟ್ಟರು.

ಗರ್ಷ್‌ವಿನ್‌ರ 'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್' ಸಂಗೀತಕ್ಕೆ ಬಾಲಂಚಿನ್ ಒಂದು ಬ್ಯಾಲೆ ಯೋಚಿಸಿದ್ದರು. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಒಪ್ಪಲಿಲ್ಲ. ಅದೇ ಸಂಗೀತದ ಬ್ಯಾಲೆಗೆ ಹದಿಮೂರು ವರ್ಷದ ಮೇಲೆ ಬೇರೆಯವರು ಹೆಸರು ಮಾಡಿದರು. ಆ ಕಥೆ ಮುಂದೆ ಬರುತ್ತದೆ.

ಗೋಲ್ಡ್‌ವಿನ್ ಒಪ್ಪಿದ್ದು ಜಲಕನ್ಯೆಯ ಬ್ಯಾಲೆಯನ್ನು. ಕೊಳದ ನೀರಿನೊಳಗಿಂದ ವೆರಾ ಜೊರಿನಾ ನಿಧಾನವಾಗಿ ಎದ್ದು ಬರುತ್ತಾರೆ. ಹಿಂದೆ ದೊಡ್ಡದೊಂದು ಬಿಳಿ ಕುದುರೆಯ ಪ್ರತಿಮೆ. ಕ್ಯಾಮೆರಾ ಗ್ರೆಗ್ ಟೋಲಂಡ್ ಅವರದ್ದು. ಮುಂದೆ 'ಸಿಟಿಜನ್ ಕೇನ್' ಚಿತ್ರೀಕರಿಸಿದವರು. ಇಡೀ ಸಿನಿಮಾ ಈಗ ನೋಡಲು ಸ್ವಲ್ಪ ಕಷ್ಟವೇ, ಸುಳ್ಳು ಹೇಳುವುದಿಲ್ಲ. ಆದರೆ ಆ ಕೆಲವು ನಿಮಿಷ ಮಾತ್ರ ಬೇರೆಯದೇ ಲೋಕ. ಆ ವರ್ಷದ ಕೊನೆಗೆ ಬಾಲಂಚಿನ್ ಜೊರಿನಾರನ್ನೇ ಮದುವೆಯಾದರು.

ವೇದಿಕೆಗೆ ಮಾಡಿಸಿದ್ದನ್ನೇ ಕ್ಯಾಮೆರಾ ಮುಂದೆ ಮಾಡಿಸಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ಎಲ್ಲ ತಕರಾರು ಶುರುವಾಗುವುದೇ ಇಲ್ಲಿ.

ರಂಗಮಂದಿರದಲ್ಲಿ ನೀವು ಒಂದು ಕಡೆ ಕೂತಿರುತ್ತೀರಿ, ಯಾರನ್ನು ನೋಡಬೇಕು ಅನ್ನುವುದು ನಿಮ್ಮಿಷ್ಟ. ವೇದಿಕೆಯ ಮುಂಭಾಗ ಅಗಲವಾಗಿರುತ್ತದೆ. ಕ್ಯಾಮೆರಾಕ್ಕೆ ಇದು ತಿರುಗುಮುರುಗು. ಲೆನ್ಸ್ ಹತ್ತಿರ ಜಾಗ ಇಕ್ಕಟ್ಟು, ದೂರ ಹೋದಷ್ಟೂ ಅಗಲ. ಹತ್ತಿರ ಇರುವ ನರ್ತಕ ಅಡ್ಡಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಫ್ರೇಮಿನಿಂದಲೇ ಮಾಯ. ನೇರವಾಗಿ ಕ್ಯಾಮೆರಾ ಕಡೆ ಬಂದರೆ ಮಾತ್ರ ಹೆಜ್ಜೆಗೆ ಭಾರೀ ಬಲ. ಇನ್ನೊಂದು ತೊಂದರೆಯೂ ಇದೆ. ಪರದೆ ಚಪ್ಪಟೆ. ಕಣ್ಣೆದುರು ಒಬ್ಬ ಮನುಷ್ಯ ಗಾಳಿಗೆ ಹಾರಿದಾಗ ನಮ್ಮ ಮೈಗೆ ತಟ್ಟುವ ಭಾರ, ಉಸಿರು, ಬೆವರು ಪರದೆಯಲ್ಲಿ ಅರ್ಧಕ್ಕರ್ಧ ಸೋರಿಹೋಗುತ್ತದೆ. ಅದನ್ನು ಬೇರೆ ಯಾವುದರಿಂದಾದರೂ ತುಂಬಬೇಕು.

ಇದಕ್ಕೆ ಇಬ್ಬರು ನಟ-ನರ್ತಕರು, ಆಸ್ಟೇರ್ ಮತ್ತು ಜೀನ್ ಕೆಲ್ಲಿ, ಎರಡು ಉತ್ತರ ಕಂಡುಕೊಂಡರು. ಆಸ್ಟೇರ್ ಪಂಥದಲ್ಲಿ ತಲೆಯಿಂದ ಪಾದದವರೆಗೆ ಪೂರ್ತಿ ದೇಹ ಕಾಣಬೇಕು, ಆದಷ್ಟು ಕಟ್ ಇರಬಾರದು, ಕ್ಯಾಮೆರಾ ಸದ್ದಿಲ್ಲದೆ ಹಿಂಬಾಲಿಸಬೇಕು. ಜೀನ್ ಕೆಲ್ಲಿ ಪಂಥದಲ್ಲಿ ಕ್ಯಾಮೆರಾವೂ ಒಬ್ಬ ನರ್ತಕ. ಕ್ರೇನ್ ಮೇಲೆ ಏರುತ್ತದೆ, ಇಳಿಯುತ್ತದೆ, ಸುತ್ತುತ್ತದೆ. ಒಂದು ಕಟ್ ಎಲ್ಲಿ ಬರಬೇಕು ಅನ್ನುವುದೂ ಹೆಜ್ಜೆಯ ಲೆಕ್ಕದೊಳಗೇ ಸೇರಿರುತ್ತದೆ. ಹಾಗಾಗಿ ಹಾಲಿವುಡ್‌ನಲ್ಲಿ ನೃತ್ಯ ಸಂಯೋಜನೆ ಅಂದರೆ ಬರೀ ಹೆಜ್ಜೆ ಕಲಿಸುವುದಲ್ಲ. ಲೆನ್ಸ್, ಬೆಳಕು, ಬಟ್ಟೆಯ ಬಣ್ಣ, ಎಡಿಟಿಂಗ್ ಎಲ್ಲ ಗೊತ್ತಿರಬೇಕು. ವೇದಿಕೆಯಲ್ಲಿ ಹೆಸರು ಮಾಡಿದವರು ಎಷ್ಟೋ ಜನ ಇಲ್ಲಿ ಎಡವಿದ್ದು ಇದೇ ಕಾರಣಕ್ಕೆ.

ಚಿತ್ರೀಕರಣದ ಹೊತ್ತಿಗೆ ಸೆಟ್‌ನಲ್ಲಿ ಆರ್ಕೆಸ್ಟ್ರಾ ಇರುತ್ತಿತ್ತಾ?

ಟಾಕಿ ಬಂದ ಹೊಸತರಲ್ಲಿ ಇರುತ್ತಿತ್ತು. ಆಮೇಲೆ ಸಂಗೀತವನ್ನು ಮೊದಲೇ ರೆಕಾರ್ಡ್ ಮಾಡಿ, ಸೆಟ್‌ನಲ್ಲಿ ಲೌಡ್‌ಸ್ಪೀಕರ್‌ನಲ್ಲಿ ಹಾಕುತ್ತಿದ್ದರು. ನಮ್ಮ ಸಿನಿಮಾದವರು ಹಾಡಿನ ಶೂಟಿಂಗ್‌ಗೆ ನಾಗ್ರಾ ಎಂಬ ಟೇಪ್ ಯಂತ್ರ ಹಾಕುತ್ತಿದ್ದರಲ್ಲ, ಅದೇ ಪದ್ಧತಿ. ಟ್ಯಾಪ್ ಡ್ಯಾನ್ಸ್‌ನ ಟಕಟಕ ಸದ್ದನ್ನು ಆಮೇಲೆ ಬೇರೆಯಾಗಿ ಸೇರಿಸುತ್ತಿದ್ದರು. ಬ್ಯಾಲೆಗೆ ಇದರಿಂದ ಒಂದು ಉಪಕಾರವೂ ಆಯಿತು. ಸಂಗೀತ ಪ್ರತಿ ಟೇಕ್‌ಗೂ ಒಂದೇ ವೇಗದಲ್ಲಿ ಇರುವುದರಿಂದ ಬೇರೆ ಬೇರೆ ದಿನ ತೆಗೆದ ತುಣುಕುಗಳನ್ನು ಜೋಡಿಸಬಹುದಿತ್ತು.

ಕಷ್ಟವೂ ಕಮ್ಮಿ ಇರಲಿಲ್ಲ. ಆ ಕಾಲದ ಟೆಕ್ನಿಕಲರ್ ಎಂಬ ಬಣ್ಣದ ಚಿತ್ರೀಕರಣಕ್ಕೆ ವಿಪರೀತ ಬೆಳಕು ಬೇಕಿತ್ತು, ಸೆಟ್ ಕಾದ ಒಲೆ. ವೇದಿಕೆಯಲ್ಲಾದರೆ ಒಂದು ಸಲ ಕುಣಿದು ಮುಗಿಸುತ್ತಾರೆ. ಇಲ್ಲಿ ಅದೇ ಅರ್ಧ ನಿಮಿಷವನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಕುಣಿಯಬೇಕು. ಟೇಕ್‌ಗಳ ನಡುವೆ ಲೈಟ್ ಸರಿಮಾಡುವ ತನಕ ಕಾಯುತ್ತಾ ಕೂತರೆ ಬಿಸಿಯಾದ ಮೈಕೈ ತಣ್ಣಗಾಗಿ ಸ್ನಾಯು ಹಿಡಿದುಕೊಳ್ಳುತ್ತದೆ. ನರ್ತಕರಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ.

'ದಿ ರೆಡ್ ಶೂಸ್' ಹಾಲಿವುಡ್ ಚಿತ್ರವೇ?

ಅಲ್ಲ, ಬ್ರಿಟನ್ನಿನದ್ದು. 1948ರದ್ದು. ಮೈಕಲ್ ಪವೆಲ್ ಮತ್ತು ಎಮರಿಕ್ ಪ್ರೆಸ್‌ಬರ್ಗರ್ ತೆಗೆದದ್ದು. ನಾಯಕಿ ಮೊಯಿರಾ ಶಿಯರರ್ ನಿಜವಾದ ಬ್ಯಾಲೆ ನರ್ತಕಿ. ನೃತ್ಯ ರಾಬರ್ಟ್ ಹೆಲ್ಪ್‌ಮನ್ ಅವರದ್ದು. ಚಪ್ಪಲಿ ಮಾಡುವವನ ಪಾತ್ರದ ಹೆಜ್ಜೆಗಳನ್ನು ಮಾತ್ರ ಆ ಪಾತ್ರ ಮಾಡಿದ ಲಿಯೊನಿಡ್ ಮಸೀನ್ ತಾವೇ ಹಾಕಿಕೊಂಡರು.

ಇಲ್ಲಿ ಹೇಳಲು ಕಾರಣ ಇದೆ. ಈ ಚಿತ್ರ ನ್ಯೂಯಾರ್ಕಿನ ಒಂದೇ ಥಿಯೇಟರಿನಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಓಡಿತು. ಉದ್ದದ ಬ್ಯಾಲೆ ಇಟ್ಟರೆ ಜನ ಎದ್ದು ಹೋಗುತ್ತಾರೆ ಅನ್ನುತ್ತಿದ್ದ ಸ್ಟುಡಿಯೋ ದೊರೆಗಳ ಬಾಯಿ ಕಟ್ಟಿತು. ತಮ್ಮ 'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್' ಚಿತ್ರದ ಬ್ಯಾಲೆಗೆ ಒಪ್ಪಿಗೆ ಪಡೆಯಲು ಜೀನ್ ಕೆಲ್ಲಿ ಎಂಜಿಎಂನವರಿಗೆ ಈ ಚಿತ್ರವನ್ನೇ ಹಾಕಿ ತೋರಿಸಿದರು.

'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್' ಕೊನೆಯ 17 ನಿಮಿಷದಲ್ಲಿ ನಿಜಕ್ಕೂ ಏನಾಗುತ್ತದೆ?

ಕಥೆಯಲ್ಲಿ ಹೇಳುವುದಾದರೆ ಏನೂ ಆಗುವುದಿಲ್ಲ. ಜೆರ್ರಿ (ಪಾತ್ರ ಕೆಲ್ಲಿಯದ್ದು) ಎಂಬ ಅಮೆರಿಕನ್ ಚಿತ್ರಗಾರ ಪ್ರೀತಿಸಿದ ಹುಡುಗಿ ಲಿಸ್ ಇನ್ನೊಬ್ಬನನ್ನು ಮದುವೆಯಾಗಲು ಹೊರಟಿದ್ದಾಳೆ. ಇವನು ಕೈಯಲ್ಲಿದ್ದ ರೇಖಾಚಿತ್ರವನ್ನು ಹರಿದು ಹಾಕುತ್ತಾನೆ. ಗಾಳಿಗೆ ಚೂರುಗಳು ಹಾರುತ್ತವೆ. ಆಮೇಲೆ ಅವನು ತನ್ನದೇ ರೇಖಾಚಿತ್ರದೊಳಗೆ ನಿಂತಿರುತ್ತಾನೆ. ಸುತ್ತ ಎಲ್ಲ ಕಪ್ಪು ಬಿಳುಪು, ನೆಲದ ಮೇಲೆ ಒಂದೇ ಒಂದು ಕೆಂಪು ಗುಲಾಬಿ. ಅದನ್ನು ಎತ್ತಿಕೊಂಡ ಮೇಲೆ ಚಿತ್ರಕ್ಕೆ ಬಣ್ಣ ತುಂಬಿಕೊಳ್ಳುತ್ತದೆ.

ಅಲ್ಲಿಂದ ಮುಂದೆ ಪ್ಯಾರಿಸ್ಸಿನ ಒಂದೊಂದು ಜಾಗ ಒಬ್ಬೊಬ್ಬ ಚಿತ್ರಕಾರನ ಶೈಲಿಯಲ್ಲಿ ಬರುತ್ತದೆ. ಪ್ಲಾಸ್ ದ ಲಾ ಕಾಂಕಾರ್ಡ್ ಚೌಕ ಡ್ಯೂಫಿಯ ಹಾಗೆ. ಹೂವಿನ ಮಾರುಕಟ್ಟೆ ರೆನ್ವಾ. ಬೀದಿ ಉಟ್ರಿಲ್ಲೊ. ಜಾತ್ರೆ ರೂಸೊ. ಒಪೆರಾ ಚೌಕ ವ್ಯಾನ್ ಗೋ. ಕೊನೆಗೆ ಟುಲೂಸ್ ಲೋತ್ರೆಕ್. ಈ ಭಾಗವನ್ನು ಸ್ವಲ್ಪ ಗಮನಿಸಿ ನೋಡಿ. ಲೋತ್ರೆಕ್ ಬಿಡಿಸಿದ ಒಂದು ಚಿತ್ರದಲ್ಲಿ 'ಶೊಕೊಲಾ' ಎಂಬ ಕಲಾವಿದ ಬಾರ್‌ನಲ್ಲಿ ಕುಣಿಯುತ್ತಿರುತ್ತಾನೆ. ಕೆಲ್ಲಿ ಅದೇ ಭಂಗಿಯಲ್ಲಿ, ಸೊಂಟ ಹಿಂದೆ ತಳ್ಳಿ, ಒಂದು ಕೈ ಮೇಲೆತ್ತಿ, ಕದಲದೆ ನಿಂತಿರುತ್ತಾರೆ. ಚಿತ್ರ ಅಂತಲೇ ಅಂದುಕೊಳ್ಳುತ್ತೇವೆ. ಆಮೇಲೆ ಅದು ಅಲ್ಲಾಡುತ್ತದೆ. ಬಿಡಿಸಿದ ಗೆರೆ ಎಲ್ಲಿ ಮುಗಿಯಿತು, ಮನುಷ್ಯನ ಮೈ ಎಲ್ಲಿ ಶುರುವಾಯಿತು ಅಂತ ಹಿಡಿಯಲು ಆಗುವುದಿಲ್ಲ.

ಹುಡುಗಿ ಪ್ರತಿ ಭಾಗದಲ್ಲೂ ಸಿಗುತ್ತಾಳೆ, ಪ್ರತಿ ಸಲವೂ ಕೈತಪ್ಪುತ್ತಾಳೆ. ಎಲ್ಲ ಮುಗಿದಾಗ ಬಣ್ಣ ಹೋಗಿ ಮತ್ತೆ ಒಂಟಿ ಗುಲಾಬಿ. ಇಷ್ಟೇ ಕಥೆ.

ಇದೆಲ್ಲ ಪ್ಯಾರಿಸ್ಸಿನಲ್ಲಿ ತೆಗೆದದ್ದಲ್ಲ. ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯ ಸ್ಟುಡಿಯೋದೊಳಗೆ. ನಿರ್ದೇಶಕ ವಿನ್ಸೆಂಟ್ ಮಿನೆಲಿ, ನಿರ್ಮಾಪಕ ಆರ್ಥರ್ ಫ್ರೀಡ್, ಬ್ಯಾಲೆಯ ವೇಷಭೂಷಣ ಐರೀನ್ ಶರಾಫ್. ಬ್ಯಾಲೆ ಒಂದಕ್ಕೇ ಐದು ಲಕ್ಷ ಡಾಲರ್ ಆಸುಪಾಸು ಖರ್ಚಾಯಿತು. ಬ್ಯಾಲೆಗೆ ತಯಾರಿ ನಡೆಯುವ ಹೊತ್ತಿನಲ್ಲಿ ಮಿನೆಲಿ ಸುಮ್ನೆ ಕೂರಲಿಲ್ಲ, ನಡುವೆ ಇನ್ನೊಂದು ಸಿನಿಮಾ ತೆಗೆದು ಮುಗಿಸಿ ವಾಪಸ್ ಬಂದರು. ಸ್ಟುಡಿಯೋಗಳ ಕಾಲ ಅಂದರೆ ಹಾಗಿತ್ತು. ಬ್ಯಾಲೆಗೆ ಬೆಳಕು ಮಾಡಲು ಜಾನ್ ಆಲ್ಟನ್ ಎಂಬ ಬೇರೆ ಛಾಯಾಗ್ರಾಹಕರನ್ನೇ ಕರೆಸಿದರು. ಕತ್ತಲು ತುಂಬಿದ ಕ್ರೈಂ ಚಿತ್ರಗಳಿಗೆ ಅವರು ಪ್ರಸಿದ್ಧರು. ಕಾರಂಜಿಯ ಹತ್ತಿರದ ಜೋಡಿ ನೃತ್ಯದಲ್ಲಿ ಹೊಗೆಯ ನಡುವೆ ಬರೀ ನೆರಳಿನಂತೆ ಕಾಣುವ ದೇಹಗಳು ಅವರ ಕೈಚಳಕ.

ನಾಯಕಿ ಲೆಸ್ಲಿ ಕ್ಯಾರನ್‌ಗೆ ಇದು ಮೊದಲ ಸಿನಿಮಾ. ಪ್ಯಾರಿಸ್ಸಿನ ರೋಲಾಂ ಪೆಟಿ ಅವರ ತಂಡದಲ್ಲಿ ಕುಣಿಯುತ್ತಿದ್ದ ಹುಡುಗಿಯನ್ನು ಕೆಲ್ಲಿ ನೋಡಿ ನೆನಪಿಟ್ಟುಕೊಂಡಿದ್ದರು. ಯುದ್ಧಕಾಲದಲ್ಲಿ ಸರಿಯಾಗಿ ಊಟ ಸಿಗದೆ ಬೆಳೆದ ಮೈ; ಶೂಟಿಂಗ್‌ನಲ್ಲಿ ಬೇಗ ಸುಸ್ತಾಗುತ್ತಿತ್ತು. ಪರದೆಯಲ್ಲಿ ಅದರ ಸುಳಿವೂ ಸಿಗುವುದಿಲ್ಲ.

ನಟ ನಟಿಯರೇ ಬ್ಯಾಲೆ ಕುಣಿಯುತ್ತಿದ್ದರಾ, ಡ್ಯೂಪ್ ಹಾಕುತ್ತಿದ್ದರಾ?

ಮೂರು ದಾರಿ ಇದ್ದವು. ಒಂದು, ನರ್ತಕಿಯನ್ನೇ ನಾಯಕಿ ಮಾಡುವುದು: ಜೊರಿನಾ, ಕ್ಯಾರನ್, ಸಿಡ್ ಶರೀಸ್, ವೆರಾ ಎಲೆನ್.

ಎರಡು, ಗುಟ್ಟಾಗಿ ಡ್ಯೂಪ್. ಚಾಪ್ಲಿನ್‌ರ 'ಲೈಮ್‌ಲೈಟ್' ಚಿತ್ರದಲ್ಲಿ ಕ್ಲೇರ್ ಬ್ಲೂಮ್ ಬದಲು ಕುಣಿದವರು ನ್ಯೂಯಾರ್ಕ್ ಸಿಟಿ ಬ್ಯಾಲೆಯ ಮೆಲಿಸ್ಸಾ ಹೇಡನ್. ಡ್ಯೂಪ್ ಕೂಡ ಬೇಡ ಅಂದರೆ ಕುಣಿತವನ್ನೇ ತೋರಿಸದೆ ಬಿಡುವುದು! 1932ರ 'ಗ್ರ್ಯಾಂಡ್ ಹೋಟೆಲ್'ನಲ್ಲಿ ಗ್ರೆಟಾ ಗಾರ್ಬೊ ಜಗತ್ಪ್ರಸಿದ್ಧ ಬ್ಯಾಲೆರಿನಾ, ಅಂದರೆ ಬ್ಯಾಲೆ ನರ್ತಕಿ. ವೇದಿಕೆಯ ಮೇಲೆ ಅವರು ಕುಣಿಯುವುದನ್ನು ನಾವು ನೋಡುವುದೇ ಇಲ್ಲ.

ಮೂರನೆಯದು ಬಹಿರಂಗ ಬದಲಿ. 1955ರಲ್ಲಿ 'ಒಕ್ಲಹೋಮ!' ಸಿನಿಮಾ ಆದಾಗ ಕನಸಿನಲ್ಲಿ ಶರ್ಲಿ ಜೋನ್ಸ್ ಜಾಗಕ್ಕೆ ಬಾಂಬಿ ಲಿನ್, ಗಾರ್ಡನ್ ಮೆಕ್ರೇ ಜಾಗಕ್ಕೆ ಜೇಮ್ಸ್ ಮಿಚೆಲ್ ಬರುತ್ತಾರೆ. ಮುಖ ಬೇರೆ ಅಂತ ಮುಚ್ಚಿಡುವುದಿಲ್ಲ. ಜಡ್ ಪಾತ್ರಕ್ಕೆ ಮಾತ್ರ ಬದಲಿ ಇಲ್ಲ. ನರ್ತಕರ ನಡುವೆ ರಾಡ್ ಸ್ಟೈಗರ್ ಎಂಬ ನಟ ತನ್ನ ಭಾರವಾದ ಮೈ ಹೊತ್ತು ನಡೆದಾಡುತ್ತಾರೆ. ಕನಸಿನಲ್ಲಿ ಎಲ್ಲರೂ ಹಗುರ, ಅವನೊಬ್ಬನೇ ಭಾರ. ಬೇಕೆಂದೇ ಮಾಡಿದರೋ ಇಲ್ಲವೋ, ಅದೇ ಮೈ ಜುಂ ಅನ್ನಿಸುತ್ತದೆ. 1949ರ 'ಆನ್ ದ ಟೌನ್'ನಲ್ಲೂ ಕೆಲ್ಲಿ ಇದೇ ಮಾಡಿದ್ದರು. ಬ್ಯಾಲೆ ಶುರುವಾದ ತಕ್ಷಣ ಫ್ರ್ಯಾಂಕ್ ಸಿನಾತ್ರಾ ಮುಂತಾದವರು ಮಾಯವಾಗಿ, ಅವರ ಬಟ್ಟೆಯಲ್ಲಿ ನುರಿತ ನರ್ತಕರು ಬರುತ್ತಾರೆ.

ಹಸಿರು ಉಡುಪಿನ ಆ ದೃಶ್ಯ ಯಾವ ಸಿನಿಮಾದ್ದು?

1952ರ 'ಸಿಂಗಿನ್ ಇನ್ ದ ರೇನ್', ಅದರ 'ಬ್ರಾಡ್‌ವೇ ಮೆಲಡಿ' ಬ್ಯಾಲೆ. ಹಳ್ಳಿಯಿಂದ ಬಂದ ಕನ್ನಡಕದ ಹುಡುಗ ಕೆಲ್ಲಿ ಬಾರ್‌ನಲ್ಲಿ ಕುಣಿಯುತ್ತಾ ಮಂಡಿಯ ಮೇಲೆ ಜಾರಿ ಬರುತ್ತಾನೆ. ಅವನ ಟೋಪಿ ಒಂದು ಪಾದದ ತುದಿಯಲ್ಲಿ ನೇತಾಡುತ್ತಿರುತ್ತದೆ. ಕ್ಯಾಮೆರಾ ಆ ಕಾಲಿನ ಗುಂಟ ನಿಧಾನವಾಗಿ ಸಾಗಿದರೆ ಸಿಡ್ ಶರೀಸ್: ಹಸಿರು ಉಡುಪು, ಕತ್ತರಿಸಿದ ಕಪ್ಪು ಕೂದಲು, ಸಿಗರೇಟು. ಅವಳು ಅವನ ಕನ್ನಡಕ ತೆಗೆಯುತ್ತಾಳೆ, ತನ್ನ ತೊಡೆಗೆ ಒರೆಸುತ್ತಾಳೆ, ಕೆಳಗೆ ಬಿಟ್ಟು ಕಾಲಿನಿಂದ ಒದ್ದುಬಿಡುತ್ತಾಳೆ. ಒಂದು ಮಾತಿಲ್ಲ. ಆ ಹುಡುಗನ ಹಣೆಬರಹ ಅಷ್ಟರಲ್ಲೇ ಗೊತ್ತಾಗುತ್ತದೆ.

ಹೈ ಹೀಲ್ಸ್ ಹಾಕಿದರೆ ಶರೀಸ್ ಕೆಲ್ಲಿಗಿಂತ ಎತ್ತರ ಕಾಣುತ್ತಿದ್ದರು. ಹಾಗಾಗಿ ಇಬ್ಬರೂ ಪಕ್ಕಪಕ್ಕ ನೆಟ್ಟಗೆ ನಿಲ್ಲುವ ಹಾಗೇ ಇಲ್ಲದಂತೆ ಕೆಲ್ಲಿ ಹೆಜ್ಜೆ ಹಾಕಿದರು. ಒಬ್ಬರು ನಿಂತರೆ ಇನ್ನೊಬ್ಬರು ಬಾಗಿರುತ್ತಾರೆ. ಇನ್ನೊಂದು ಸಲ ನೋಡುವಾಗ ಇದನ್ನೇ ಗಮನಿಸಿ, ಮಜಾ ಇರುತ್ತದೆ. ಆಮೇಲೆ ಬರುವ ಉದ್ದನೆಯ ಬಿಳಿ ಸೆರಗಿನ ಭಾಗ ಶುದ್ಧ ಬ್ಯಾಲೆ. ಅಷ್ಟುದ್ದದ ಬಟ್ಟೆ ಗಾಳಿಯಲ್ಲಿ ತೇಲಲು ದೊಡ್ಡ ಗಾಳಿಯಂತ್ರಗಳನ್ನು ಇಟ್ಟಿದ್ದರು. ಗಾಳಿಗೆ ಎದುರಾಗಿ ಬ್ಯಾಲೆನ್ಸ್ ತಪ್ಪದೆ ನಿಲ್ಲುವುದು ಶರೀಸ್ ಪಾಲಿನ ಕಷ್ಟ.

ಟೆಕ್ಸಸ್‌ನ ಅಮರಿಲ್ಲೊ ಊರಿನ ಈ ಹುಡುಗಿ ಬ್ಯಾಲೆ ಕಲಿಯಲು ಶುರು ಮಾಡಿದ್ದು ಪೋಲಿಯೊ ಬಂದುಹೋದ ಮೇಲೆ, ಮೈಗೆ ಶಕ್ತಿ ಬರಲಿ ಅಂತ.

ಆದರೂ ಒಂದು ಮಾತು ಹೇಳಲೇಬೇಕು. ಮೇಲೆ ಹೇಳಿದ ಪರೀಕ್ಷೆಯಲ್ಲಿ ಈ ಬ್ಯಾಲೆ ಫೇಲ್. ತೆಗೆದರೆ ಸಿನಿಮಾದ ಕಥೆಗೆ ಏನೂ ಆಗುವುದಿಲ್ಲ. ಚೆನ್ನಾಗಿದೆ ಅನ್ನುವುದು ಬೇರೆ ವಿಷಯ.

ಫ್ರೆಡ್ ಆಸ್ಟೇರ್‌ಗೆ ಬ್ಯಾಲೆ ಆಗುತ್ತಿರಲಿಲ್ಲ ಅನ್ನುತ್ತಾರಲ್ಲ?

ಬ್ಯಾಲೆ ಅವರ ದಾರಿ ಆಗಿರಲಿಲ್ಲ ಅನ್ನುವುದು ಸರಿ. ಆದರೆ ಬ್ಯಾಲೆಯವರ ಜೊತೆ ಕೆಲಸ ಮಾಡಿದ್ದಾರೆ. 1945ರ 'ಯೊಲಾಂಡಾ ಆ್ಯಂಡ್ ದ ಥೀಫ್'ಗೆ ಯೂಜೀನ್ ಲೋರಿಂಗ್ ಮಾಡಿಸಿದ ಉದ್ದದ ಕನಸು ಇದೆ, ಚಿತ್ರ ಸೋತಿತು. 1955ರ 'ಡ್ಯಾಡಿ ಲಾಂಗ್ ಲೆಗ್ಸ್'ನಲ್ಲಿ ಕ್ಯಾರನ್ ಜೊತೆ, ರೋಲಾಂ ಪೆಟಿ ಬ್ಯಾಲೆ.

ನೋಡಲೇಬೇಕಾದದ್ದು 1953ರ 'ದ ಬ್ಯಾಂಡ್ ವ್ಯಾಗನ್'. ನೃತ್ಯ ಮೈಕಲ್ ಕಿಡ್. ಆಸ್ಟೇರ್ ವಯಸ್ಸಾಗುತ್ತಿರುವ ಟ್ಯಾಪ್ ಕಲಾವಿದ, ಶರೀಸ್ ಬ್ಯಾಲೆರಿನಾ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಅಳುಕು. ತನಗಿಂತ ಎತ್ತರ ಇದ್ದಾಳಾ ಅಂತ ಅವನು ಲೆಕ್ಕ ಹಾಕುತ್ತಾನೆ! ಜೊತೆಗೆ ಕುಣಿಯಲು ಆಗುತ್ತಾ ನೋಡೋಣ ಅಂತ ಒಂದು ರಾತ್ರಿ ಸೆಂಟ್ರಲ್ ಪಾರ್ಕಿಗೆ ಹೋಗುತ್ತಾರೆ. ಪಾರ್ಕೂ ಸ್ಟುಡಿಯೋ ಸೆಟ್ಟೇ ಬಿಡಿ. ಸುಮ್ಮನೆ ನಡೆಯುತ್ತಾರೆ. ನಡಿಗೆಯಲ್ಲಿ ಅವಳದ್ದೊಂದು ಸಣ್ಣ ತಿರುವು. ಅವನದ್ದೊಂದು ಉತ್ತರ. ನಡಿಗೆ ಯಾವಾಗ ಕುಣಿತವಾಯಿತು ಅಂತ ಬೆರಳಿಟ್ಟು ತೋರಿಸಲಾಗದು. ಹೇಗೆ ಶುರುವಾಯಿತೋ ಹಾಗೇ ಮುಗಿದು ಕುದುರೆ ಗಾಡಿ ಹತ್ತಿ ಕೂರುತ್ತಾರೆ. ಬ್ಯಾಲೆಯೂ ಬಾಲ್‌ರೂಮೂ ಎರಡೂ ಒಂದರೊಳಗೊಂದು ಕರಗಿದ ಮೂರು ನಿಮಿಷ. ಐದು ಲಕ್ಷ ಡಾಲರಿನ ಪ್ಯಾರಿಸ್ ಬ್ಯಾಲೆ ಒಂದು ತಕ್ಕಡಿಯಲ್ಲಿ, ಇದು ಇನ್ನೊಂದು ತಕ್ಕಡಿಯಲ್ಲಿ ಇಟ್ಟರೆ ನನ್ನ ಓಟು ಇದಕ್ಕೇ.

ಅದೇ ಚಿತ್ರದ ಕೊನೆಯ 'ಗರ್ಲ್ ಹಂಟ್' ಬ್ಯಾಲೆ ಆಗಿನ ಅಗ್ಗದ ಪತ್ತೇದಾರಿ ಕಾದಂಬರಿಗಳ ಅಣಕ. ಗನ್ನು, ಹೊಗೆ, ಮೋಸಗಾತಿ, ನಡುವೆ ಆಸ್ಟೇರ್ ದನಿಯ ನಿರೂಪಣೆ. ನಗು ಬರುವ ಬ್ಯಾಲೆಗಳು ಕಮ್ಮಿ, ಅದಕ್ಕೇ ಇದು ವಿಶೇಷ.

ಮೈಕಲ್ ಕಿಡ್ ಬಗ್ಗೆ ಇನ್ನೂ ಸ್ವಲ್ಪ ಹೇಳಿ.

ಬ್ಯಾಲೆ ಥಿಯೇಟರ್ ತಂಡದಿಂದ ಬಂದವರು. 1954ರ 'ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್'ನಲ್ಲಿ ಅವರಿಗೆ ಸಿಕ್ಕ ಸಮಸ್ಯೆ: ಕಾಡಿನಲ್ಲಿ ಮರ ಕಡಿಯುವ ಏಳು ಒರಟು ಅಣ್ಣತಮ್ಮಂದಿರನ್ನು ನಗೆಪಾಟಲಾಗದಂತೆ ಕುಣಿಸುವುದು ಹೇಗೆ? ಕೆಲಸದಿಂದಲೇ ಕುಣಿತ ಹುಟ್ಟಿಸಿದರು. ಕೊಟ್ಟಿಗೆ ಕಟ್ಟುವ ದೃಶ್ಯದಲ್ಲಿ ಹಲಗೆ, ಕೊಡಲಿ, ತೊಲೆ ಎಲ್ಲವೂ ಕುಣಿತದ ಸಾಮಾನು. ಹಲಗೆ ಮೇಲೆ ಹಾರುತ್ತಿರುವವರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆಯ ಜಾಕ್ ದಾಂಬ್ವಾಸ್, ಡಯಾಗಿಲೆವ್ ನಂತರ ಹುಟ್ಟಿದ ಬ್ಯಾಲೆ ರೂಸ್ ದ ಮಾಂಟೆ ಕಾರ್ಲೊ ತಂಡದ ಮಾರ್ಕ್ ಪ್ಲಾಟ್ ಇದ್ದಾರೆ. ರಸ್ ಟ್ಯಾಂಬ್ಲಿನ್ ಜಿಮ್ನಾಸ್ಟ್. ಹಿಮದಲ್ಲಿ ಸೌದೆ ಒಡೆಯುತ್ತಾ ಬೇಸರದಿಂದ ಹಾಡುವ ದೃಶ್ಯವಂತೂ ಒಂದೇ ಶಾಟ್. ಕೊಡಲಿ ಏಟೇ ತಾಳ.

ಕಪ್ಪು ಜನಾಂಗದ ನರ್ತಕರು ಇದರಲ್ಲಿ ಯಾಕೆ ಕಾಣುವುದಿಲ್ಲ?

ಸ್ಟುಡಿಯೋಗಳು ಬಾಗಿಲು ತೆರೆಯಲಿಲ್ಲ, ಅದಕ್ಕೆ. ಮೇಲೆ ಹೇಳಿದ ಚಿತ್ರಗಳಲ್ಲಿ ಹುಡುಕಿದರೂ ಸಿಗುವವರು ಬೆರಳೆಣಿಕೆ. ದಕ್ಷಿಣದ ರಾಜ್ಯಗಳ ಥಿಯೇಟರುಗಳಲ್ಲಿ ಕಪ್ಪು ಕಲಾವಿದರ ಹಾಡನ್ನು ಕತ್ತರಿಸಿ ತೋರಿಸುತ್ತಿದ್ದ ಕಾಲ ಅದು.

ಇದರ ನಡುವೆ 1943ರ 'ಸ್ಟಾರ್ಮಿ ವೆದರ್' ಇದೆ. ಲೀನಾ ಹಾರ್ನ್ ಕಿಟಕಿ ಹತ್ತಿರ ನಿಂತು ಹಾಡುತ್ತಾರೆ, ಹೊರಗೆ ಮಳೆ. ಕ್ಯಾಮೆರಾ ಕಿಟಕಿ ದಾಟಿ ಬೀದಿಗೆ ಹೋಗುತ್ತದೆ. ಅಲ್ಲಿ ಕ್ಯಾಥರೀನ್ ಡನ್‌ಹ್ಯಾಮ್ ಮತ್ತು ಅವರ ತಂಡ. ಬೀದಿಯ ಕುಣಿತ ಒಮ್ಮೆಲೇ ಕನಸಿನ ಬ್ಯಾಲೆ ಆಗುತ್ತದೆ. ಡನ್‌ಹ್ಯಾಮ್ ಕೆರಿಬಿಯನ್ ದ್ವೀಪಗಳಲ್ಲಿ ಇದ್ದು ಅಲ್ಲಿನ ಕುಣಿತಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಕೂಡ. ಕೆಲವೇ ನಿಮಿಷ, ಆದರೆ ಡ್ರೀಮ್ ಬ್ಯಾಲೆ ಅಂತ ಹೇಳುವಾಗ ಇದನ್ನು ಬಿಟ್ಟು ಪಟ್ಟಿ ಮಾಡುವವರನ್ನು ನಂಬಬೇಡಿ.

ನೃತ್ಯ ಸಂಯೋಜನೆಗೆ ಆಸ್ಕರ್ ಇತ್ತಾ?

ಮೂರೇ ವರ್ಷ ಇತ್ತು, 1935, 36, 37ರ ಚಿತ್ರಗಳಿಗೆ. ಆಮೇಲೆ ನಿಲ್ಲಿಸಿದರು. ನಂತರ ಆಗೊಮ್ಮೆ ಈಗೊಮ್ಮೆ ಗೌರವ ಆಸ್ಕರ್: ಕೆಲ್ಲಿಗೆ 1952ರಲ್ಲಿ, ಅದೇ ರಾತ್ರಿ 'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್' ಅತ್ಯುತ್ತಮ ಚಿತ್ರ ಸೇರಿ ಆರು ಪ್ರಶಸ್ತಿ ಗೆದ್ದಿತು. ಜೆರೋಮ್ ರಾಬಿನ್ಸ್‌ಗೆ 'ವೆಸ್ಟ್ ಸೈಡ್ ಸ್ಟೋರಿ'ಗಾಗಿ. ಮೈಕಲ್ ಕಿಡ್‌ಗೆ 1997ರಲ್ಲಿ, ಎಷ್ಟೋ ತಡವಾಗಿ.

ಭಾರತಕ್ಕೂ ಇದಕ್ಕೂ ಏನಾದರೂ ನಂಟು?

ಇದೆ, ಸ್ವಲ್ಪ ಸುತ್ತಿಬಳಸಿ. ಉದಯ ಶಂಕರ್ 1923ರಲ್ಲಿ ಲಂಡನ್ನಿನಲ್ಲಿ ಬ್ಯಾಲೆ ತಾರೆ ಅನ್ನಾ ಪಾವ್ಲೋವಾ ಜೊತೆ ರಾಧಾಕೃಷ್ಣರ ನೃತ್ಯ ಮಾಡಿದರು. ಮುಂದೆ 1948ರಲ್ಲಿ ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ 'ಕಲ್ಪನಾ' ತೆಗೆದರು. ಇಡೀ ಸಿನಿಮಾವೇ ಕುಣಿತದ ಮೇಲೆ ನಿಂತಿದೆ. 'ದಿ ರೆಡ್ ಶೂಸ್' ಬಂದ ವರ್ಷವೇ ಅದು. ಅವರ ತಂಡದ ಫ್ರೆಂಚ್ ನರ್ತಕಿ ಸಿಮ್ಕಿ 1951ರ 'ಆವಾರಾ' ಚಿತ್ರದ ಕನಸಿನ ದೃಶ್ಯಕ್ಕೆ ನೃತ್ಯ ಮಾಡಿಸಿದರು. ಮೋಡದ ಮೇಲೆ ನರ್ಗಿಸ್, ಕೆಳಗೆ ಬೆಂಕಿಯ ನಡುವೆ ರಾಜ್ ಕಪೂರ್, ನೆನಪಿದೆ ಅಲ್ವಾ? ಕೆಲ್ಲಿಯ ಪ್ಯಾರಿಸ್ ಬ್ಯಾಲೆ ಬಂದದ್ದೂ ಅದೇ ವರ್ಷ.

ಬೆಂಗಳೂರಿನ ಎಳೆಯೂ ಒಂದಿದೆ. ಇಲ್ಲಿ ಹುಟ್ಟಿದ ರಾಮ್ ಗೋಪಾಲ್ 1930ರ ದಶಕದಲ್ಲಿ ಅಮೆರಿಕದ ನರ್ತಕಿ ಲಾ ಮೇರಿ ಜೊತೆ ಪ್ರವಾಸ ಹೋಗಿದ್ದರು. ಅದೇ ಲಾ ಮೇರಿ ಹತ್ತಿರ ಭರತನಾಟ್ಯ ಕಲಿತವರು ಹಾಲಿವುಡ್‌ನ ನೃತ್ಯ ಸಂಯೋಜಕ ಜಾಕ್ ಕೋಲ್. ಆ ಮುದ್ರೆಗಳನ್ನೂ ಕತ್ತಿನ ಚಲನೆಯನ್ನೂ ಜಾಝ್ ಸಂಗೀತಕ್ಕೆ ಜೋಡಿಸಿದರು. ಮರ್ಲಿನ್ ಮನ್ರೋಗೆ ಹೆಜ್ಜೆ ಕಲಿಸಿದವರೂ ಅವರೇ. ರಾಮ್ ಗೋಪಾಲ್ 1960ರಲ್ಲಿ ಬ್ಯಾಲೆರಿನಾ ಅಲಿಸಿಯಾ ಮಾರ್ಕೊವಾ ಜೊತೆ 'ರಾಧಾ ಕೃಷ್ಣ' ಮಾಡಿದರು. ಅದು ವೇದಿಕೆಗೆ, ಸಿನಿಮಾಕ್ಕಲ್ಲ.

ಇಂಥ ಬ್ಯಾಲೆಗಳು ಯಾಕೆ ನಿಂತುಹೋದವು?

ದುಡ್ಡು, ಮುಖ್ಯವಾಗಿ. ವರ್ಷವಿಡೀ ಸಂಬಳ ಕೊಟ್ಟು ನರ್ತಕರು, ದರ್ಜಿಗಳು, ಬಡಗಿಗಳು, ಆರ್ಕೆಸ್ಟ್ರಾ ಎಲ್ಲರನ್ನೂ ಸಾಕುವ ಸ್ಟುಡಿಯೋ ಇದ್ದರೆ ಮಾತ್ರ 17 ನಿಮಿಷದ ಬ್ಯಾಲೆ ಸಾಧ್ಯ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಟುಡಿಯೋಗಳು ತಮ್ಮ ಥಿಯೇಟರುಗಳನ್ನು ಬಿಟ್ಟುಕೊಡಬೇಕಾಯಿತು. ಆಮೇಲೆ ಟಿವಿ ಬಂತು. ಖರ್ಚು ಕತ್ತರಿಸುವಾಗ ಮೊದಲು ಹೋಗುವುದು ಇಂಥವೇ.

ಕೆಲ್ಲಿ ಮಾತೇ ಇಲ್ಲದ, ಪೂರ್ತಿ ಕುಣಿತದ 'ಇನ್ವಿಟೇಶನ್ ಟು ದ ಡ್ಯಾನ್ಸ್' ತೆಗೆದರು. ಸ್ಟುಡಿಯೋ ಅದನ್ನು ವರ್ಷಗಟ್ಟಲೆ ಡಬ್ಬದಲ್ಲಿಟ್ಟು 1956ರಲ್ಲಿ ಬಿಟ್ಟಿತು. ಬರ್ಲಿನ್‌ನಲ್ಲಿ ಪ್ರಶಸ್ತಿ ಬಂತು, ಗಲ್ಲಾಪೆಟ್ಟಿಗೆಗೆ ಏನೂ ಬರಲಿಲ್ಲ. 1958ರಲ್ಲಿ ಫ್ರೀಡ್, ಮಿನೆಲಿ ಮತ್ತೆ ಪ್ಯಾರಿಸ್ ಕಥೆ 'ಜೀಜಿ' ತೆಗೆದರು. ಒಂಬತ್ತು ಆಸ್ಕರ್. ನಾಯಕಿ ಅದೇ ಲೆಸ್ಲಿ ಕ್ಯಾರನ್. ಅದರಲ್ಲಿ ಬ್ಯಾಲೆಯೇ ಇಲ್ಲ.

1961ರ 'ವೆಸ್ಟ್ ಸೈಡ್ ಸ್ಟೋರಿ' ಬೇರೆ ದಾರಿ ಹಿಡಿಯಿತು. ರಾಬಿನ್ಸ್ ಬ್ಯಾಲೆಯನ್ನು ಕನಸಿನಿಂದ ಎಳೆದು ನ್ಯೂಯಾರ್ಕಿನ ನಿಜವಾದ ಬೀದಿಗೆ ತಂದರು. ಪುಂಡ ಹುಡುಗರು ಬೆರಳು ಚಿಟಿಕೆ ಹೊಡೆಯುತ್ತಾ ನಡೆಯುತ್ತಾರೆ, ಒಬ್ಬ ಕೈ ಬಿಚ್ಚುತ್ತಾನೆ, ಇನ್ನೊಬ್ಬ ಕಾಲೆತ್ತುತ್ತಾನೆ. ಸಮಯ, ಬಜೆಟ್ ಎರಡೂ ಮೀರಿದವು ಅಂತ ರಾಬಿನ್ಸ್‌ರನ್ನು ಅರ್ಧಕ್ಕೇ ತೆಗೆದುಹಾಕಿದರು. ಆದರೂ ರಾಬರ್ಟ್ ವೈಸ್ ಜೊತೆ ನಿರ್ದೇಶನದ ಆಸ್ಕರ್ ಅವರಿಗೂ ಬಂತು.

ಮೊದಲು ಯಾವುದು ನೋಡಲಿ? ಮನೆಯಲ್ಲಿ ಮಕ್ಕಳೂ ಇದ್ದಾರೆ.

ನೇರವಾಗಿ 'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್' ಹಾಕಬೇಡಿ, ಕೊನೆ ಬರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. 'ಸೆವೆನ್ ಬ್ರೈಡ್ಸ್' ಚಿತ್ರದ ಕೊಟ್ಟಿಗೆ ಕಟ್ಟುವ ದೃಶ್ಯದಿಂದ ಶುರು ಮಾಡಿ. ಇಡೀ ಸಿನಿಮಾ ತೋರಿಸುವ ಮುಂಚೆ ನೀವೊಮ್ಮೆ ನೋಡಿ. ಹುಡುಗಿಯರನ್ನು ಹೊತ್ತುಕೊಂಡು ಹೋಗುವ ಕಥೆ ಈಗ ಮುಜುಗರ ತರುತ್ತದೆ. ಆಮೇಲೆ 'ದ ಬ್ಯಾಂಡ್ ವ್ಯಾಗನ್', ಆಮೇಲೆ ಪ್ಯಾರಿಸ್. 'ಒಕ್ಲಹೋಮ!' ಕನಸು ದೊಡ್ಡವರಿಗೆ.

ತೀರಾ ಚಿಕ್ಕ ಮಕ್ಕಳಾದರೆ ಡಿಸ್ನಿಯ 1940ರ 'ಫ್ಯಾಂಟೇಸಿಯಾ' ಇದೆ. ಅದರಲ್ಲಿ ಉಷ್ಟ್ರಪಕ್ಷಿ, ನೀರಾನೆ, ಆನೆ, ಮೊಸಳೆಗಳು ಬ್ಯಾಲೆ ಕುಣಿಯುತ್ತವೆ. ನೀರಾನೆ ಕೊಳದಿಂದ ಗಂಭೀರವಾಗಿ ಮೇಲೇಳುವಾಗ ವೆರಾ ಜೊರಿನಾ ನೆನಪಾಗದೆ ಇರುವುದಿಲ್ಲ. ಚಿತ್ರಕಾರರು ಇದಕ್ಕಾಗಿ ನಿಜವಾದ ನರ್ತಕರನ್ನು ಸ್ಟುಡಿಯೋಗೆ ಕರೆಸಿ ಗೆರೆ ಎಳೆದಿದ್ದರು. ಆ ನೀರಾನೆಯ ಹೆಜ್ಜೆಗಳಿಗೆ ಮಾದರಿಯಾದವರು ಮಾರ್ಜ್ ಚಾಂಪಿಯನ್, ಸ್ನೋ ವೈಟ್‌ಗೂ ಮಾದರಿಯಾಗಿದ್ದವರು.